ಎರಕದ ಸೀಸದ ಗುಂಡು: ಅದರ ದೋಷಗಳೂ ಇತಿಹಾಸದ ಸಾಕ್ಷ್ಯವೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಹಳೆಯ ವಾಡೆ ಹುಡೇವುಗಳ ಸುತ್ತಣ ಹೊಲಗಳಲ್ಲಿ ರಂಟೆ ಹೊಡೆಯುವಾಗ ಸೀಸದ ಗುಂಡೊಂದು ಮೇಲೆ ಬಂದರೆ ಅದನ್ನು ಬಲೆಗೆ ಭಾರ ಕಟ್ಟುವವರಿಗೋ ಗುಜರಿಯವನಿಗೋ ಕೊಡುವುದೇ ರೂಢಿ. ಎರಡು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬರು ಹಾಗೆ ಕೊಡದೆ ಒಂದು ಗುಂಡನ್ನು ವಿಭಾಗಕ್ಕೆ ತಂದರು. ಅದರ ಮೈಯೆಲ್ಲ ಸುಕ್ಕುಗಟ್ಟಿದ್ದಿತು. ಒಂದು ಕಡೆ ಚಿಕ್ಕ ಹಳ್ಳವಿದ್ದಿತು. ಗೋಡೆಗೆ ಬಡಿದು ನುಗ್ಗಾದ ಗುಂಡು ಇದೆಂದೂ, ಆದುದರಿಂದ ಆ ಹೊಲದಲ್ಲಿ ಕಾಳಗ ನಡೆದಿರಬೇಕೆಂದೂ ಅವರ ಊಹೆ. ಊರಿನವರೂ ಹಾಗೆಯೇ ಹೇಳುತ್ತಿದ್ದರಂತೆ. ಈ ಲೇಖಕನೂ ಮೊದಲು ಆ ಊಹೆಯನ್ನೇ ಒಪ್ಪಿದ್ದನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅದು ತಪ್ಪೆಂದು ತಿಳಿದುದು ಎರಕದ ಕೆಲಸವನ್ನು ಕುರಿತು ಸ್ವಲ್ಪ ವಿಚಾರಿಸಿದ ಮೇಲೆ.

ಈ ಸೀಮೆಯಲ್ಲಿ ಗುಂಡುಗಳು ಸಿಕ್ಕುವುದು ಅಚ್ಚರಿಯಲ್ಲ. ಪೇಶ್ವೆಯ ಪತನದ ವರ್ಷವಾದ 1818ರವರೆಗೆ, ಅನಂತರವೂ ಕೆಲವು ಕಾಲ, ದೇಸಾಯಿಗಳು, ಪಾಟೀಲರು, ಭೂಮಿಯನ್ನು ಉಂಬಳಿಯಾಗಿ ಪಡೆದ ಶೇತಸನದಿಗಳು ಎಲ್ಲರ ಮನೆಗಳಲ್ಲಿಯೂ ಬಂದೂಕು ಇರುತ್ತಿದ್ದಿತು. ನಿಪ್ಪಾಣಿಯ ಸಿದ್ದೋಜಿರಾವ್ ನಿಂಬಾಳ್ಕರರ ಪಡೆ ಪ್ರಸಿದ್ಧವಾದುದು; ಅವರ ಬಳಿಕ 1841ರಲ್ಲಿ ಅಲ್ಲಿಯ ಕೋಟೆಯನ್ನು ಅರಬ್ ಸಿಪಾಯಿಗಳು ಹಿಡಿದುದೂ ಕಂಪನಿಯವರು ಅದನ್ನು ಮರಳಿ ಪಡೆದುದೂ ಉಂಟು. ರಾಯಬಾಗವು 1949ರವರೆಗೆ ಕೊಲ್ಲಾಪುರ ಸಂಸ್ಥಾನದಲ್ಲಿದ್ದಿತು. ಹೀಗೆ ಹಲವು ಒಡೆತನಗಳಲ್ಲಿ ಹಂಚಿಹೋದ ನಾಡಾದುದರಿಂದ ಇದರ ಕಾಗದಪತ್ರಗಳೂ ಚೆದರಿವೆ. ನೆಲದಲ್ಲಿ ಸಿಕ್ಕ ವಸ್ತುವಿಗೆ ಇಲ್ಲಿ ಹೆಚ್ಚಿನ ಬೆಲೆಯಿರುವುದು ಅದಕ್ಕಾಗಿಯೇ. ತಪ್ಪಾಗಿ ಓದಿದರೆ ಅಪಾಯವೂ ಅಷ್ಟೇ ಹೆಚ್ಚು.

ಸೀಸವು 327 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ಒಲೆಯ ಕೆಂಡಕ್ಕೆ ತಿದಿ ಹಾಕಿದರೆ ಅಷ್ಟು ಶಾಖ ಸಲೀಸಾಗಿ ದೊರೆಯುವುದರಿಂದ ಗುಂಡನ್ನು ಮನೆಯಲ್ಲಿಯೇ ಎರೆಯುವುದು ಸಾಧ್ಯವಾಗಿದ್ದಿತು. ಇಕ್ಕಳದಂತೆ ಎರಡು ಹೋಳಾಗಿ ತೆರೆಯುವ ಅಚ್ಚಿನ ಬಾಯಲ್ಲಿ ಸೀಸವನ್ನು ಹೊಯ್ದು, ಗಟ್ಟಿಯಾದೊಡನೆ ತೆರೆದು, ಬಾಯಲ್ಲಿ ಉಳಿದ ಬಾಲವನ್ನು ಕತ್ತರಿಸುವರು. ಆದುದರಿಂದ ಎರಕದ ಗುಂಡಿನ ಮೇಲೆ ಎರಡು ಗುರುತುಗಳು ಸಾಮಾನ್ಯ: ಹೋಳುಗಳು ಕೂಡಿದ ನಡುಗೆರೆ, ಬಾಲ ಕತ್ತರಿಸಿದ ಚಪ್ಪಟೆ ಕಲೆ.

ಕೆಲಸ ಕೆಡುವುದು ಬಹುಮಟ್ಟಿಗೆ ಶಾಖದಿಂದ. ಅಚ್ಚು ತಣ್ಣಗಿದ್ದರೆ ಒಳಹೊಕ್ಕ ಸೀಸದ ಹೊರಮೈ ಕೂಡಲೇ ಹೆಪ್ಪುಗಟ್ಟುತ್ತದೆ; ಹಿಂದಿನಿಂದ ಬಂದ ಸೀಸ ಅದರೊಡನೆ ಬೆರೆಯಲಾರದೆ ಮಡಿಕೆಮಡಿಕೆಯಾಗಿ ನಿಲ್ಲುತ್ತದೆ. ಮೊದಲ ನಾಲ್ಕಾರು ಗುಂಡುಗಳು ಸುಕ್ಕಾಗುವುದು ಅದರಿಂದಲೇ. ಅನುಭವಸ್ಥರು ಅವನ್ನು ಮತ್ತೆ ಮೂಸೆಗೇ ಹಾಕುವರು. ಅಚ್ಚಿಗೆ ಎಣ್ಣೆ ಹತ್ತಿದ್ದರೂ ಇದೇ ಫಲ. ಅಚ್ಚು ತೀರ ಕಾದರೆ ಗುಂಡಿನ ಮೈ ಇಬ್ಬನಿ ಬಿದ್ದಂತೆ ಮಂಜಾಗುತ್ತದೆ. ಇದು ನೋಟಕ್ಕೆ ಮಾತ್ರ ದೋಷ. ಸೀಸಕ್ಕೆ ಸ್ವಲ್ಪ ತವರ ಬೆರೆಸಿದರೆ ಅದು ಅಚ್ಚಿನ ಮೂಲೆಗಳಿಗೆ ಸರಾಗವಾಗಿ ಹರಿಯುತ್ತದೆ.

ಕಣ್ಣಿಗೆ ಕಾಣದ ದೋಷವೇ ಕೆಟ್ಟದ್ದು. ದ್ರವ ಸೀಸ ಗಟ್ಟಿಯಾಗುವಾಗ ಸುಮಾರು ನೂರಕ್ಕೆ ಮೂರೂವರೆ ಪಾಲು ಕುಗ್ಗುತ್ತದೆ. ಬಾಯಲ್ಲಿರುವ ಸೀಸ ಇನ್ನೂ ದ್ರವವಾಗಿದ್ದು ಒಳಗಿನ ಕೊರತೆಯನ್ನು ತುಂಬಬೇಕು. ಬಾಯಿ ಮೊದಲೇ ಹೆಪ್ಪುಗಟ್ಟಿದರೆ ಗುಂಡಿನೊಳಗೆ ಟೊಳ್ಳು ಉಳಿಯುತ್ತದೆ. ಕೆಲವೊಮ್ಮೆ ಅದು ಮೇಲಕ್ಕೆ ಕುಸಿದು ಹಳ್ಳವಾಗಿ ತೋರುತ್ತದೆ. ಟೊಳ್ಳು ನಟ್ಟನಡುವೆ ಇರುವುದು ಅಪರೂಪ. ಒಂದು ಮಗ್ಗುಲು ಹಗುರಾದ ಗುಂಡು ನೆಟ್ಟಗೆ ಹೋಗಲಾರದು. ರೈಫಲಿನ ಸುರುಳಿ ತೋಡುಗಳು ಗುಂಡನ್ನು ಬುಗುರಿಯಂತೆ ತಿರುಗಿಸುವುದರಿಂದ ಅಲ್ಲಿ ಈ ದೋಷ ಇನ್ನೂ ಎದ್ದು ಕಾಣುತ್ತದೆ. ಆದುದರಿಂದಲೇ ಇಂದಿಗೂ ಬೇರೆ ದೇಶಗಳಲ್ಲಿ ಸ್ವತಃ ಗುಂಡೆರೆದು ಗುರಿಯಾಟವಾಡುವವರು ಒಂದೊಂದು ಗುಂಡನ್ನೂ ತೂಗಿ, ಹಗುರವಾದುದನ್ನು ಬೇರೆ ಮಾಡುತ್ತಾರೆ.

ನಮ್ಮ ಗುಂಡನ್ನೂ ತೂಗಿದೆವು. ಅದರ ವ್ಯಾಸ 17.5 ಮಿಲಿಮೀಟರು. ಆ ಅಳತೆಯ ಶುದ್ಧ ಸೀಸದ ಗೋಲ ಸುಮಾರು 32 ಗ್ರಾಂ ತೂಗಬೇಕು. ಇದು ತೂಗಿದುದು 29 ಗ್ರಾಂ. ಮೇಲಿನ ಹಳ್ಳ ಇಷ್ಟು ಕೊರತೆಯನ್ನು ವಿವರಿಸಲಾರದಷ್ಟು ಚಿಕ್ಕದು. ತವರದ ಬೆರಕೆಯಿಂದ ಹೀಗಾಯಿತೆನ್ನಬೇಕಾದರೆ ಆರರಲ್ಲೊಂದು ಪಾಲಾದರೂ ತವರವಿರಬೇಕು. ಸೀಸಕ್ಕಿಂತ ತುಟ್ಟಿಯಾದ ಲೋಹವನ್ನು ಅಷ್ಟು ಸುರಿಯುವವರು ಯಾರು? ಒಳಗೆ ಟೊಳ್ಳಿದೆಯೆಂಬುದೇ ಸರಳವಾದ ಉತ್ತರ. ನಡುಗೆರೆ ಸುತ್ತಲೂ ಕಡಿಯದೆ ಉಳಿದಿದೆ. ಬಾಲದ ಮೊಂಡು ಕತ್ತರಿಸದೆ ಹಾಗೆಯೇ ಇದೆ. ಗೋಡೆಗೆ ಬಡಿದ ಗುಂಡಾದರೆ ಒಂದು ಮಗ್ಗುಲು ಚಪ್ಪಟೆಯಾಗಿ ಅಂಚು ಅಣಬೆಯಂತೆ ಹೊರಚಾಚುತ್ತಿದ್ದಿತು. ಬಾಲವಿರುವ ಗುಂಡನ್ನು ಯಾರೂ ನಳಿಗೆಗೆ ಹಾಕುವುದಿಲ್ಲ. ಇದು ಹಾರಿದ ಗುಂಡಲ್ಲ, ಕೆಟ್ಟ ಎರಕವೆಂದು ಎಸೆದ ಗುಂಡು. ಕಾಳಗದ ಸಾಕ್ಷಿಯೆಂದು ನಾವು ಹಿಡಿದಿದ್ದ ವಸ್ತು ಯಾರೋ ಒಲೆಯ ಮುಂದೆ ಕುಳಿತು ಕೆಲಸ ಮಾಡಿದುದರ ಸಾಕ್ಷಿಯಾಯಿತು.

ಅಳತೆಯ ವಿಷಯವೂ ಅಷ್ಟೇ ಮುಖ್ಯ. ಕಂಪನಿಯ ಸಿಪಾಯಿಗಳ ನುಣುಪು ನಳಿಗೆಯ ಬಂದೂಕಿನ ಒಳವ್ಯಾಸ ಸುಮಾರು 19 ಮಿಲಿಮೀಟರು. ಗುಂಡು ಅದಕ್ಕಿಂತ ಒಂದೂವರೆ ಮಿಲಿಮೀಟರು ಸಣ್ಣದು. ಮದ್ದಿನ ಮಸಿ ಕಟ್ಟಿದ ಮೇಲೂ ಗುಂಡು ಬೇಗ ಇಳಿಯಲೆಂದು ಇಷ್ಟು ಸಡಿಲ. ನಮ್ಮ ಗುಂಡು ಈ ಅಳತೆಗೆ ಹೊಂದುತ್ತದೆಂಬುದು ನಿಜ. ಆದರೆ ಅಂತಹ ಬಂದೂಕುಗಳು ಕೈಯಿಂದ ಕೈಗೆ ಹೋಗುತ್ತಿದ್ದುದರಿಂದ ಎರೆದವನು ಕಂಪನಿಯವನೆಂದು ಹೇಳಲಾಗದು. ಊರ ಕಮ್ಮಾರರು ಮಾಡಿದ ಬತ್ತಿ ಬಂದೂಕಿನ ಮಾತೇ ಬೇರೆ: ಒಂದರ ನಳಿಗೆಯಂತೆ ಇನ್ನೊಂದಿಲ್ಲ, ಒಂದರ ಅಚ್ಚು ಇನ್ನೊಂದಕ್ಕೆ ಒದಗದು.

ರೈಫಲು ಬಂದ ಮೇಲೆ ಸಡಿಲವೇ ದೋಷವಾಯಿತು. ಗುಂಡು ಸಣ್ಣದಾದರೆ ಬಿಸಿ ಹೊಗೆ ಪಕ್ಕದಿಂದ ನುಗ್ಗಿ ಸೀಸವನ್ನು ಕರಗಿಸಿ ತೋಡುಗಳಲ್ಲಿ ಮೆತ್ತುತ್ತದೆ. ದೊಡ್ಡದಾದರೆ ಬಾಯಿಂದ ತುಂಬುವ ರೈಫಲಿನಲ್ಲಿ ಅದು ಇಳಿಯುವುದೇ ಇಲ್ಲ. 1853ರ ಮಾದರಿಯ ಎನ್‌ಫೀಲ್ಡ್ ರೈಫಲಿಗೆ ಬುಡ ಟೊಳ್ಳಾದ ಉದ್ದ ಗುಂಡು. ಸಿಡಿದಾಗ ಬುಡ ಹಿಗ್ಗಿ ತೋಡುಗಳನ್ನು ಹಿಡಿಯಬೇಕಾದುದರಿಂದ ಅದಕ್ಕೆ ಮೆತ್ತನೆಯ ಶುದ್ಧ ಸೀಸವೇ ಬೇಕು. ಒಳವ್ಯಾಸ 0.577 ಅಂಗುಲ, ಗುಂಡು 0.568. ಭಾರತದ ಬಿಸಿಲಿಗೆ ಜಿಡ್ಡು ಕರಗಿ, ಮಸಿ ಒಣಗಿ, ಗುಂಡು ನಳಿಗೆಯಲ್ಲಿ ಸಿಕ್ಕಿಕೊಳ್ಳತೊಡಗಿತು. ಕಡೆಗೆ ಅದನ್ನು 0.55ಕ್ಕೆ ಇಳಿಸಬೇಕಾಯಿತು. 1857ರ ಕಾಡತೂಸಿನ ಕೊಬ್ಬನ್ನು ಕುರಿತು ಪಾಠ ಹೇಳುವಾಗ ನಾವು ಧರ್ಮದ ಪ್ರಶ್ನೆಯನ್ನು ಸರಿಯಾಗಿಯೇ ಒತ್ತಿ ಹೇಳುತ್ತೇವೆ. ಅಲ್ಲಿ ಕೊಬ್ಬು ಏಕೆ ಬೇಕಾಗಿದ್ದಿತೆಂಬುದನ್ನು ಹೇಳುವುದು ಕಡಿಮೆ.

ಅದೇ ವರ್ಷದ ನಿಶ್ಶಸ್ತ್ರೀಕರಣದ ಕಾಯಿದೆ ಈ ಕಡೆಗೂ ಬಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ನವೆಂಬರಿನಲ್ಲಿ ಊರು ಸುಡಲ್ಪಟ್ಟಿತು, ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಲಾವಣಿಯಲ್ಲಿ ಉಳಿದ ಈ ಕಥೆಯನ್ನು ಓದುವಾಗ ಬಂದೂಕಿನೊಡನೆ ಅಚ್ಚು, ಮೂಸೆ, ಎರೆಯುವ ಕೈಯ ಅಭ್ಯಾಸ ಇವೂ ಹೋದುವೆಂಬುದನ್ನು ನೆನೆಯಬೇಕು. ಸರಕಾರ ಇದನ್ನು ಚೆನ್ನಾಗಿ ಅರಿತಿದ್ದಿತು. 1878ರ ಆಯುಧ ಕಾಯಿದೆಯು ಮದ್ದುಗುಂಡು ತಯಾರಿಸುವ ಸಲಕರಣೆಯನ್ನು ಮದ್ದುಗುಂಡೆಂದೇ ಎಣಿಸಿತು. ಸೀಸವನ್ನು ಮಾತ್ರ ಗಂಧಕ ಪೆಟ್ಲುಪ್ಪುಗಳೊಡನೆ ಬೇರೊಂದು ವರ್ಗದಲ್ಲಿಟ್ಟಿತು. ಇಂದಿನ 1959ರ ಕಾಯಿದೆಯಲ್ಲಿಯೂ ಸಲಕರಣೆಯ ಮಾತು ಹಾಗೆಯೇ ಇದೆ. ಕುತೂಹಲಕ್ಕಾಗಿ ಎರೆದು ನೋಡುವೆನೆನ್ನುವ ವಿದ್ಯಾರ್ಥಿಗಳು ಇದನ್ನೂ, ಸೀಸದ ಧೂಳು ಹೊಗೆಗಳು ವಿಷವೆಂಬುದನ್ನೂ ತಿಳಿದಿರಲಿ.

ಗುಂಡು ಸಿಕ್ಕವರು ಅದನ್ನು ಉಜ್ಜಿ ಹೊಳಪಿಸಬಾರದು. ಬಿಳಿಯ ಪೊರೆಯ ಕೆಳಗೇ ಸುಕ್ಕು ಗೆರೆಗಳಿರುವುವು. ಸಿಕ್ಕ ಹೊಲ, ಆಳ, ವ್ಯಾಸ, ತೂಕಗಳನ್ನು ಬರೆದಿಟ್ಟರೆ ಸಾಕು. ಗುಂಡಿಗಿಂತಲೂ ಕತ್ತರಿಸಿದ ಬಾಲದ ತುಂಡುಗಳನ್ನು, ನೆಲಕ್ಕೆ ಚೆಲ್ಲಿ ಹೆಪ್ಪುಗಟ್ಟಿದ ಸೀಸದ ಹನಿಗಳನ್ನು ಹುಡುಕುವುದು ಮೇಲು. ಅವು ಎರೆದ ಸ್ಥಳದಿಂದ ದೂರ ಹೋಗುವುದಿಲ್ಲ. ನಮ್ಮ ವಿದ್ಯಾರ್ಥಿ ಈ ಸಲ ಬಿತ್ತನೆಗೆ ಮುಂಚೆ ಹೊಲದ ಒಡೆಯರ ಒಪ್ಪಿಗೆ ಪಡೆದು ಎರಡು ದಿನ ಹುಡುಕಿದರು. ಬಾಲದ ತುಂಡುಗಳು ಮೂರು ಸಿಕ್ಕಿವೆ, ಮೂರೂ ವಾಡೆಯ ಹಿಂದಣ ಬಾವಿಯ ಪಕ್ಕದಲ್ಲಿ.