ಈಗ ನಿಮಗೆ ಮರ ಕಾಣುತ್ತಿದೆಯೇ?

ದಿನಕ್ಕೆ ಮೂರು ಸಲ ಫೋನು ಟಿಣ್ ಎನ್ನುತ್ತದೆ. ತೆರೆದರೆ ಪ್ರಶ್ನೆಗಳು. ಈಗ ಒಳಗಿದ್ದೀರೋ, ಹೊರಗಿದ್ದೀರೋ? ಮರ ಕಾಣುತ್ತಿದೆಯೇ? ಆಕಾಶ? ಹಕ್ಕಿಯ ದನಿ ಏನಾದರೂ ಕೇಳಿಸುತ್ತಿದೆಯೇ? ಅದರ ಬೆನ್ನಿಗೇ ಇನ್ನೊಂದಿಷ್ಟು: ಈ ಹೊತ್ತು ನೆಮ್ಮದಿಯಾಗಿದ್ದೀರಾ, ದಣಿದಿದ್ದೀರಾ, ಆತಂಕವೇ, ಒಂಟಿ ಅನ್ನಿಸುತ್ತಿದೆಯೇ? ಉತ್ತರಿಸಿ ಫೋನು ಜೇಬಿಗೆ ಹಾಕಿಕೊಂಡರೆ ಆಯಿತು. ಹೀಗೆ ಹದಿನಾಲ್ಕು ದಿನ.

ಇದು 'ಅರ್ಬನ್ ಮೈಂಡ್' ಎಂಬ ಆ್ಯಪ್. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು, ಜೆ ಆ್ಯಂಡ್ ಎಲ್ ಗಿಬ್ಬನ್ಸ್ ಎಂಬ ಭೂದೃಶ್ಯ ವಿನ್ಯಾಸಕರು ಮತ್ತು ನೊಮಾಡ್ ಪ್ರಾಜೆಕ್ಟ್ಸ್ ಎಂಬ ಕಲಾಸಂಸ್ಥೆ ಕೂಡಿ ಕಟ್ಟಿದ್ದು. ನಗರ ನಮ್ಮ ಮನಸ್ಸಿಗೆ ಏನು ಮಾಡುತ್ತದೆ ಎಂಬುದನ್ನು ಊರಿನಲ್ಲಿ ಓಡಾಡುವ ಸಾಮಾನ್ಯ ಜನರಿಂದಲೇ, ಆಯಾ ಕ್ಷಣದಲ್ಲೇ ಕೇಳಿ ತಿಳಿಯುವುದು ಅವರ ದಾರಿ.

ಆಯಾ ಕ್ಷಣದಲ್ಲೇ ಎಂಬುದು ಇಲ್ಲಿ ಮುಖ್ಯ. ಹೋದ ತಿಂಗಳು ಹೇಗಿದ್ದಿರಿ ಎಂದು ಯಾರಾದರೂ ಕೇಳಿದರೆ ನಮ್ಮ ಉತ್ತರಕ್ಕೆ ಇವತ್ತಿನ ಬಣ್ಣ ಮೆತ್ತಿಕೊಳ್ಳುತ್ತದೆ. ಇದನ್ನು ಮೀರಲು 1970ರ ದಶಕದಲ್ಲೇ ಶಿಕಾಗೊದಲ್ಲಿ ಮಿಹಾಯ್ ಚಿಕ್ಸೆಂಟ್ಮಿಹಾಯಿ ಎಂಬ ಮನೋವಿಜ್ಞಾನಿ ಜನರ ಕೈಗೆ ಪೇಜರ್ ಕೊಟ್ಟು, ಅದು ಕೂಗಿದಾಗಲೆಲ್ಲ ಮನಸ್ಸಿನ ಸ್ಥಿತಿ ಬರೆದಿಡಲು ಹೇಳಿದ್ದರು. ಪೇಜರಿನ ಜಾಗಕ್ಕೆ ಮೊಬೈಲು ಬಂದ ಮೇಲೆ ಕೆಲಸ ಹಿಗ್ಗಿತು. 2010ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಿಂದ ಹೊರಟ 'ಮ್ಯಾಪಿನೆಸ್' ಎಂಬ ಆ್ಯಪ್‌ಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿಯಿಂದ ಹತ್ತು ಲಕ್ಷಕ್ಕೂ ಮೀರಿ ಉತ್ತರಗಳು ಬಂದವು. ಉತ್ತರದ ಜೊತೆ ಜಾಗದ ಗುರುತೂ ಬರುತ್ತಿತ್ತು. ಅದೇ ಜನ, ಕಟ್ಟಡಗಳ ನಡುವೆ ನಿಂತಾಗಿನದಕ್ಕಿಂತ ಹಸಿರಿನಲ್ಲಿ ನಿಂತಾಗ ಹೆಚ್ಚು ಸಂತೋಷದಲ್ಲಿದ್ದರು.

ಅರ್ಬನ್ ಮೈಂಡ್ 2018ರಲ್ಲಿ ಪ್ರಕಟಿಸಿದ ಮೊದಲ ಅಧ್ಯಯನ ಚಿಕ್ಕದು, 108 ಜನರ 3,013 ಉತ್ತರ. ನನ್ನನ್ನು ಹಿಡಿದು ನಿಲ್ಲಿಸಿದ್ದು 2022ರದ್ದು, ಹಕ್ಕಿಗಳ ಕುರಿತದ್ದು. 1,292 ಜನ, 26,856 ಉತ್ತರ. ಹಕ್ಕಿ ಕಂಡ ಅಥವಾ ಕೇಳಿದ ಹೊತ್ತಿನಲ್ಲಿ ಜನರ ಮನಸ್ಸು ಹಗುರಾಗಿತ್ತು. ಆ ಹಗುರ ಎಂಟು ಗಂಟೆಯವರೆಗೂ ಉಳಿಯುತ್ತಿತ್ತು. ಮರಗಿಡ, ನೀರು ಇವುಗಳ ಪ್ರಭಾವವನ್ನು ಲೆಕ್ಕದಿಂದ ಬೇರ್ಪಡಿಸಿದ ಮೇಲೂ ಹಕ್ಕಿಯ ಪಾಲು ಅಳಿಯಲಿಲ್ಲ. ಖಿನ್ನತೆ ಇದೆ ಎಂದು ವೈದ್ಯರು ಗುರುತಿಸಿದವರಲ್ಲೂ ಇದೇ ಕಂಡಿತು ಎಂಬ ಸಾಲನ್ನು ನಾನು ಎರಡು ಸಲ ಓದಿದೆ. ಯಾವುದರಲ್ಲೂ ರುಚಿ ಹತ್ತದ ಸ್ಥಿತಿಯಲ್ಲಿ ಇರುವವರನ್ನು ಹತ್ತಿರದಿಂದ ನೋಡಿದವರಿಗೆ ಇದರ ತೂಕ ಗೊತ್ತು. ಗುಳಿಗೆಯ ಬದಲು ಗುಬ್ಬಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಗುಳಿಗೆ ನುಂಗಿದವರು ಬಾಗಿಲು ತೆರೆದು ನಿಂತಾಗ ಏನಾದರೂ ಕೇಳಿಸಬೇಕಲ್ಲ.

ಅದೇ ಆ್ಯಪ್‌ನ ಒಂಟಿತನದ ಅಧ್ಯಯನವೂ ಹಾಗೇ ಕಾಡಿತು. ಸುತ್ತ ಜನ ವಿಪರೀತ ಕಿಕ್ಕಿರಿದಿದ್ದಾರೆ ಅನ್ನಿಸಿದಾಗ ಒಂಟಿತನ ಶೇ 39ರಷ್ಟು ಏರುತ್ತಿತ್ತು. ಪ್ರಕೃತಿಯ ಸಂಪರ್ಕ ಸಿಕ್ಕಾಗ ಶೇ 28ರಷ್ಟು ಇಳಿಯುತ್ತಿತ್ತು. ಸುತ್ತಲಿನವರು ನಮ್ಮವರೇ ಅನ್ನಿಸಿದಾಗ ಶೇ 21ರಷ್ಟು. ಬೆಳಿಗ್ಗೆ ಒಂಬತ್ತರ ಬಸ್ಸಿನಲ್ಲಿ ಒಬ್ಬರ ಭುಜಕ್ಕೆ ಇನ್ನೊಬ್ಬರ ಭುಜ ಒತ್ತಿಕೊಂಡು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ್ಯಪ್ ಇಲ್ಲದೆ, ಒಂದು ನೋಟ್‌ಬುಕ್ಕಿನಲ್ಲಿ ನಾನೂ ಇವೇ ಪ್ರಶ್ನೆಗಳನ್ನು ಎರಡು ವಾರ ಕೇಳಿಕೊಂಡೆ. ನಾಲ್ಕನೆಯ ದಿನ ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಎಲ್ಲಕ್ಕೂ 'ಇಲ್ಲ'. ಮರ ಇಲ್ಲ, ಆಕಾಶ ಇಲ್ಲ, ಹಕ್ಕಿ ಇಲ್ಲ. ಬೆಂಗಳೂರಿನ ನಡುಮಧ್ಯದಲ್ಲಿ ಒಂಬತ್ತು ಗಂಟೆ ಹಾಗೆ ಕೂತಿದ್ದೆ ಎಂಬುದು ಬರೆಯುವ ತನಕ ತಿಳಿದೇ ಇರಲಿಲ್ಲ. ಒಂಬತ್ತನೆಯ ದಿನ ಎತ್ತರದ ಮೆಟ್ರೊ ನಿಲ್ದಾಣದಲ್ಲಿ ನಿಂತಿದ್ದಾಗ ಹದ್ದೊಂದು ನನ್ನ ಕಣ್ಣಿನ ಮಟ್ಟದಲ್ಲೇ ಸುತ್ತು ಹೊಡೆಯಿತು. ಆವತ್ತಿನ ರಾತ್ರಿಯ ಸಾಲಿನಲ್ಲೂ ಹದ್ದು ಇದೆ.

ನೆಮ್ಮದಿಯಾಗಿ ಇರುವವರಿಗೇ ಹಕ್ಕಿ ಕಣ್ಣಿಗೆ ಬೀಳುತ್ತದೇನೋ ಎಂಬ ಸಂಶಯ ನ್ಯಾಯವಾದದ್ದು. ಸಂಶೋಧಕರು ಆ ಕ್ಷಣಕ್ಕೇ ನಿಲ್ಲದೆ ನಂತರದ ಉತ್ತರಗಳನ್ನೂ ನೋಡಿದ್ದು ಅದಕ್ಕಾಗಿಯೇ. ಇದಕ್ಕಿಂತ ದೊಡ್ಡ ಕೊರತೆ ಬೇರೆ ಇದೆ: ಸ್ಮಾರ್ಟ್‌ಫೋನ್ ಇರುವವರು, ತಾವಾಗಿ ಬಂದು ಸೇರಿದವರು ಮಾತ್ರ ಇದರಲ್ಲಿ ಇದ್ದಾರೆ. ಹಕ್ಕಿಗಳ ಅಧ್ಯಯನದಲ್ಲಂತೂ ಬಹುಪಾಲು ಬ್ರಿಟನ್, ಯುರೋಪು, ಅಮೆರಿಕದವರು. ಬಿಸಿಲಿನ ಊರುಗಳ ರಸ್ತೆಬದಿಯ ಬದುಕು ಇನ್ನೂ ಈ ಲೆಕ್ಕಕ್ಕೆ ಬಂದಿಲ್ಲ.

ನಮ್ಮಲ್ಲಿ ಮರದ ಲೆಕ್ಕ ಉಂಟು. 2016ರಲ್ಲಿ ಬೆಂಗಳೂರಿನ ಉಕ್ಕಿನ ಮೇಲ್ಸೇತುವೆಗೆ ವಿರೋಧವಾಗಿ ಜನ ಕೈಕೈ ಹಿಡಿದು ಸಾಲಾಗಿ ನಿಂತರು. ಉರುಳಬೇಕಿದ್ದ ಮರಗಳು 812 ಎಂಬ ಸಂಖ್ಯೆ ಎಲ್ಲರ ಬಾಯಲ್ಲೂ ಇತ್ತು. ಮರುವರ್ಷ ಯೋಜನೆ ಕೈಬಿಟ್ಟರು. 50ಕ್ಕೂ ಹೆಚ್ಚು ಮರ ಕಡಿಯುವುದಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕೆಂದು ನಮ್ಮ ಕಾಯ್ದೆಯೇ ಹೇಳುತ್ತದೆ. ಆ ಆಕ್ಷೇಪಣೆಗಳಲ್ಲಿ ಜಾತಿ, ಸುತ್ತಳತೆ, ವಯಸ್ಸು ಬರೆಯುತ್ತೇವೆ. ಆ ಮರದ ಕೆಳಗೆ ದಿನವೂ ನಿಲ್ಲುವವರ ಮನಸ್ಸಿನ ಸ್ಥಿತಿಗೆ ಅಲ್ಲಿ ಕಾಲಂ ಇಲ್ಲ. ಇರಬೇಕು ಎಂದು ನಾನು ನಂಬುತ್ತೇನೆ. ಅರ್ಬನ್ ಮೈಂಡ್ 1,998 ಜನರಿಂದ 41,448 ಉತ್ತರ ಪಡೆದ 2024ರ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ಪ್ರಕೃತಿಯಿಂದ ಸಿಗುವ ನೆಮ್ಮದಿಯಲ್ಲಿ ಸುಮಾರು ಕಾಲು ಭಾಗ ಅದರ ವೈವಿಧ್ಯದಿಂದಲೇ ಬರುತ್ತದಂತೆ. ಹಳೆಯ ಮರ ತೆಗೆದು ಒಂದೇ ಬಗೆಯ ಸಸಿ ಸಾಲು ನೆಟ್ಟರೆ ಸರಿಹೋಯಿತು ಎನ್ನುವ ಮಾತಿಗೆ ಇದು ಉತ್ತರ.

ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲಿ ಅಳೆದು 2013ರಲ್ಲಿ ಪ್ರಕಟಿಸಿದ ಪ್ರಕಾರ, ಸಾಲುಮರ ಇರುವಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿವರೆಗೂ, ರಸ್ತೆಯ ಮೈ 27.5 ಡಿಗ್ರಿವರೆಗೂ ತಂಪು. ಈ ಅಂಕಿಗಳು ಮೈಮೇಲೆ ಹೇಗೆ ಇಳಿಯುತ್ತವೆ ಎಂದು ತಿಳಿದದ್ದು ನಮ್ಮ ಬಸ್ ನಿಲ್ದಾಣದ ಪಕ್ಕ ಹೂವು ಮಾರುವ ಅಮ್ಮನಿಂದ. ಅವರು ಕೂರುವ ಹೊಂಗೆಮರದ ಒಂದು ಪಕ್ಕದ ಕೊಂಬೆಗಳನ್ನೆಲ್ಲ ಈಚೆಗೆ ಕಡಿದಿದ್ದಾರೆ. ಮಲ್ಲಿಗೆಯ ಮೊಳ ಅಳೆಯುತ್ತಿದ್ದವರಿಗೆ ನನ್ನ ಪಟ್ಟಿಯ ಪ್ರಶ್ನೆಯನ್ನೇ ಕೇಳಿದೆ.

"ಮರ ಕಾಣದೆ ಏನು ಸಾರ್, ಅದರ ಬುಡದಲ್ಲೇ ಇದೀನಲ್ಲ. ಮುಂಚೆ ಎರಡು ಗಂಟೆ ತನಕ ನೆರಳು ಈ ಕಲ್ಲಿನವರೆಗೂ ಇರೋದು. ಈಗ ಹನ್ನೆರಡಕ್ಕೇ ಹೊರಟೋಗುತ್ತೆ. ಹೂವು ಬಾಡುತ್ತೆ, ತಲೆ ಕಾಯುತ್ತೆ, ಬಂದ ಗಿರಾಕಿ ಮೇಲೆ ಸುಮ್ ಸುಮ್ನೆ ಸಿಡುಕ್ತೀನಿ."

ಬುಟ್ಟಿಯ ಮೇಲಿನ ಗೋಣಿಗೆ ಅವರು ನೀರು ಚಿಮುಕಿಸಿದರು. ನಾನು ನೋಟ್‌ಬುಕ್ ತೆಗೆದು ಅವರ ಸಾಲು ಬರೆದುಕೊಂಡೆ: ಗುರುವಾರ, 12.40, ಹೊಂಗೆ, ನೆರಳಿಲ್ಲ, ಸಿಡುಕು.