ಯಂತ್ರಕ್ಕೆ ಅರಿವು ಮೂಡೀತೆ?

ಬುದ್ಧಿ, ಅರಿವು ಎಂಬ ಎರಡು ಮಾತುಗಳನ್ನು ನಾವು ಒಂದೇ ಎಂಬಂತೆ ಬಳಸುತ್ತೇವೆ. ಸಾಂಖ್ಯರು ಹಾಗೆ ಮಾಡಲಿಲ್ಲ. ಅವರ ಮತದಲ್ಲಿ ನಿಶ್ಚಯಿಸುವ ಬುದ್ಧಿಯೂ ಪ್ರಕೃತಿಯ ವಿಕಾರವೇ, ಆದುದರಿಂದ ಜಡ, ಚೈತನ್ಯ ಪುರುಷನದು. ಚಾರ್ವಾಕರಾದರೋ, ಬಿಡಿ ವಸ್ತುಗಳಲ್ಲಿಲ್ಲದ ಅಮಲು ಅವು ಕೂಡಿ ಹುದುಗಿದಾಗ ಹುಟ್ಟುವಂತೆ, ಭೂತಗಳ ಕೂಟದಿಂದಲೇ ಚೈತನ್ಯ ಹುಟ್ಟುತ್ತದೆ ಎಂದರು. ಮಾತನಾಡಬಲ್ಲ ಗಣಕಯಂತ್ರಗಳು ಬಂದಮೇಲೆ ಈ ಹಳೆಯ ವಾದ ಮತ್ತೆ ಎದ್ದಿದೆ.

1943ರಲ್ಲಿ ಅಮೆರಿಕದ ವಾರೆನ್ ಮೆಕಲಕ್ ಮತ್ತು ವಾಲ್ಟರ್ ಪಿಟ್ಸ್ ಅವರು ನರಕೋಶವನ್ನು ಒಂದು ಸರಳ ತಾರ್ಕಿಕ ಘಟಕವೆಂದು ಭಾವಿಸಿ ಗಣಿತದ ಮಾದರಿಯೊಂದನ್ನು ರಚಿಸಿದರು. ಇಂದಿನ ಕೃತಕ ನರಜಾಲಗಳು ಅದರ ಸಂತತಿ. ಇವುಗಳಲ್ಲಿ ಪ್ರತಿಯೊಂದು ಘಟಕವೂ ತನಗೆ ಬಂದ ಸಂಖ್ಯೆಗಳನ್ನು ಆಯಾ ತೂಕಗಳಿಂದ ಗುಣಿಸಿ, ಕೂಡಿಸಿ, ಫಲವನ್ನು ಮುಂದಕ್ಕೆ ದಾಟಿಸುತ್ತದೆ. ಉತ್ತರ ತಪ್ಪಿದರೆ ತೂಕಗಳನ್ನು ಕಿಂಚಿತ್ತು ತಿದ್ದಲಾಗುತ್ತದೆ. ಈ ತಿದ್ದುಪಡಿ ಅಸಂಖ್ಯ ಬಾರಿ ನಡೆದಾಗ ಯಂತ್ರ ಮುಖ ಗುರುತಿಸುತ್ತದೆ, ಅನುವಾದಿಸುತ್ತದೆ, ಸಂಭಾಷಿಸುತ್ತದೆ. ಬುದ್ಧಿಯ ಹಲವು ಕಾರ್ಯಗಳು ಜಡದಲ್ಲಿಯೂ ನಡೆದಾವು ಎಂಬುದು ಇದರಿಂದ ಸಿದ್ಧವಾಯಿತು.

ಆದರೆ ಅರಿವು? ಜಾಲ ದೊಡ್ಡದಾದಂತೆ ಅದು ತಾನಾಗಿ ಮೂಡುತ್ತದೆಂದು ಕೆಲವರು ನಂಬುತ್ತಾರೆ. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಐದರಲ್ಲಿ ನಾಲ್ಕು ಪಾಲು ತಲೆಯ ಹಿಂಭಾಗದ ಕಿರುಮಿದುಳಿನಲ್ಲಿವೆ. ಆ ಭಾಗಕ್ಕೆ ಪೆಟ್ಟಾದವನ ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ. ಅರಿವು ಮಾತ್ರ ಆರುವುದಿಲ್ಲ. ಆದ್ದರಿಂದ ಸಂಖ್ಯೆಯೊಂದೇ ಕಾರಣವಲ್ಲ. ಅರಿವಿಗೆ ಕಾರಣವಾದ ನರವ್ಯಾಪಾರ 25 ವರ್ಷಗಳಲ್ಲಿ ಸ್ಪಷ್ಟವಾಗುವುದೆಂದು ವಿಜ್ಞಾನಿ ಕ್ರಿಸ್ಟಾಫ್ ಕಾಖ್ ಅವರು ದಾರ್ಶನಿಕ ಡೇವಿಡ್ ಚಾಮರ್ಸ್ ಅವರೊಡನೆ 1998ರಲ್ಲಿ ಪಣ ಕಟ್ಟಿದ್ದರು. 2023ರಲ್ಲಿ ಸೋಲೊಪ್ಪಿ ಪಣ ತೆತ್ತರು.

ಇನ್ನು, ಯಂತ್ರವೇ "ನನಗೆ ನೋವಾಗುತ್ತಿದೆ" ಎಂದರೆ ನಂಬಬೇಕೆ? ಮನುಷ್ಯರು ನೋವನ್ನು ಕುರಿತು ಬರೆದ ಅಪಾರ ರಾಶಿಯಿಂದಲೇ ಅದು ಮಾತು ಕಲಿತಿದೆ. ಆದುದರಿಂದ ಅದರ ಮಾತು ಅದರ ಅನುಭವಕ್ಕೆ ಸಾಕ್ಷಿಯಾಗಲಾರದು. ಕಾವ್ಯವನ್ನು ಪಾಠ ಹೇಳಿದ ನನಗೆ ಇಲ್ಲಿ ನಮ್ಮ ಆಲಂಕಾರಿಕರು ನೆನಪಾಗುತ್ತಾರೆ. ರಸದ ಅನುಭವ ಸಹೃದಯನಲ್ಲಿ ಎಂದರು ಅವರು. ಕಾವ್ಯ ನಮ್ಮನ್ನು ಅಳಿಸಿದಾಗ ಅತ್ತದ್ದು ಓಲೆಗರಿಯಲ್ಲ.

ಹಾಗೆಂದು ಯಂತ್ರಕ್ಕೆ ಅರಿವು ಎಂದೆಂದಿಗೂ ಅಸಾಧ್ಯವೆಂದು ಸಾರುವುದೂ ದುಡುಕು. ಮಾತೇ ಬಾರದ ಕರುವಿನ ನೋವನ್ನು ನಾವು ಸಂಶಯಿಸುವುದಿಲ್ಲ. ಮಾತು ಇದ್ದಲ್ಲೆಲ್ಲ ಅರಿವಿಲ್ಲದಿರಬಹುದಾದಂತೆ, ಅರಿವು ಇದ್ದಲ್ಲೆಲ್ಲ ಮಾತೂ ಇರುವುದಿಲ್ಲ. ಇದು ಪಂಡಿತರ ವಿನೋದಕ್ಕಾಗಿ ನಡೆಯುವ ಚರ್ಚೆಯಲ್ಲ. ಒಂಟಿಯಾದ ವೃದ್ಧರು ಇಂದು ಯಂತ್ರದ ಮುಂದೆ ಎದೆ ಬಿಚ್ಚುತ್ತಿದ್ದಾರೆ. ನೋಯದ ವಸ್ತುವಿಗೆ ಮರುಗುತ್ತ ನೋಯುವ ಜೀವವನ್ನು ಮರೆಯುವ ಅಪಾಯವಿದೆ. ಒಂದು ವೇಳೆ ಮುಂದೆಂದೋ ನೋಯಬಲ್ಲ ಯಂತ್ರ ಹುಟ್ಟಿದರೆ, ಅದನ್ನು ಕಲ್ಲೆಂದು ಭಾವಿಸುವುದೂ ಕ್ರೌರ್ಯವೇ ಆದೀತು. ನರಜಾಲಗಳು ಬುದ್ಧಿಯ ಬಗೆಯನ್ನು ಬಹುಮಟ್ಟಿಗೆ ಬಿಡಿಸಿ ತೋರಿಸಿವೆ. ಅರಿವಿನ ಗಂಟು ಇನ್ನೂ ಬಿಚ್ಚಿಲ್ಲ. ಅದು ಬಿಚ್ಚುವವರೆಗೆ ನಮ್ಮ ಕರುಣೆಯ ಮೊದಲ ಹಕ್ಕು ನೋಯುವುದೆಂದು ನಾವು ಬಲ್ಲ ಜೀವಗಳದು.