ವ್ಯಾಪಾರ ಕೂಟ: ಸೇರುವುದೋ, ಹೊರಗುಳಿಯುವುದೋ?

ವಿದ್ಯಾರ್ಥಿಗಳೇ, ಚಿತ್ತವಾಡ್ಗಿಯಲ್ಲಿ ಎರಡು ಎಮ್ಮೆ ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಒಂದು ಮನೆಯನ್ನು ಊಹಿಸಿಕೊಳ್ಳಿ. ಆ ಮನೆಯ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಹೊರದೇಶದ ಹಾಲಿನ ಪುಡಿ ಸುಂಕವಿಲ್ಲದೆ ಬಂದರೆ ತಾಯಿಗೆ ನಷ್ಟ. ಹೊರದೇಶಗಳು ನಮ್ಮ ಸೇವೆಗಳಿಗೆ ಬಾಗಿಲು ತೆರೆದರೆ ಮಗಳಿಗೆ ಲಾಭ. ಇಂಥ ಒಪ್ಪಂದಕ್ಕೆ ಆ ಮನೆ ಒಪ್ಪಬೇಕೆ, ಬೇಡವೆ?

ಆರ್‌ಸಿಇಪಿ ಎಂಬ ವ್ಯಾಪಾರ ಕೂಟ ಇಡೀ ದೇಶಕ್ಕೆ ಇದೇ ಪ್ರಶ್ನೆ ಹಾಕಿತು. ಆಸಿಯಾನ್‌ನ 10 ದೇಶಗಳು ಹಾಗೂ ಚೀನಾ, ಜಪಾನ್, ನ್ಯೂಜಿಲೆಂಡ್, ಭಾರತ ಸೇರಿದಂತೆ ಇನ್ನೂ 6 ದೇಶಗಳು ಪರಸ್ಪರ ಸುಂಕ ಇಳಿಸಿಕೊಳ್ಳುವ ಮಾತುಕತೆಗೆ 2012ರಲ್ಲಿ ಚಾಲನೆ ನೀಡಿದವು. ಆಗ ಕೇಂದ್ರದಲ್ಲಿದ್ದದ್ದು ಕಾಂಗ್ರೆಸ್ ನೇತೃತ್ವದ ಸರ್ಕಾರ. 2019ರಲ್ಲಿ ವಿರೋಧ ಪಕ್ಷವಾಗಿದ್ದ ಅದೇ ಕಾಂಗ್ರೆಸ್ ಒಪ್ಪಂದ ಬೇಡವೆಂದಿತು. ಆಳುವ ಬಿಜೆಪಿಗೆ ಹತ್ತಿರದ ಸ್ವದೇಶಿ ಜಾಗರಣ ಮಂಚ್ ಕೂಡ ಬೇಡವೆಂದಿತು. ಕರ್ನಾಟಕದ ರೈತರು, ಹಾಲು ಉತ್ಪಾದಕರು ಬೀದಿಗಿಳಿದರು. ಹೈನು ಪದಾರ್ಥಗಳ ಬಹುಪಾಲನ್ನು ರಫ್ತು ಮಾಡುವ ನ್ಯೂಜಿಲೆಂಡ್‌ನ ಭಯ ಅವರದು.

ಆಮದು ಮಿತಿ ಮೀರಿದರೆ ಸುಂಕ ತಾನಾಗಿ ಏರುವ ವ್ಯವಸ್ಥೆಯನ್ನು ಭಾರತ ಕೇಳಿತ್ತು. ಅಂಥ ಬೇಡಿಕೆಗಳು ಈಡೇರದ ಕಾರಣ 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಹಿಂದೆ ಸರಿಯಿತು. ಉಳಿದ 15 ದೇಶಗಳು 2020ರ ನವೆಂಬರ್ 15ರಂದು ಸಹಿ ಹಾಕಿದವು; ಭಾರತಕ್ಕೆ ಬಾಗಿಲು ತೆರೆದೇ ಇಟ್ಟವು.

ಆದರೂ ವಾದ ಮುಗಿಯಲಿಲ್ಲ. ಕೂಟದಲ್ಲಿ ಭಾರತ ಇರಬೇಕೆಂದು 2024ರಲ್ಲಿ ನೀತಿ ಆಯೋಗದ ಮುಖ್ಯಸ್ಥ ಅಧಿಕಾರಿಯೇ ಹೇಳಿದರು. ವಾಣಿಜ್ಯ ಸಚಿವ ಪೀಯೂಷ್ ಗೋಯಲ್ ಹೊರಗುಳಿದದ್ದೇ ಸರಿ ಎಂದರು. ಇಂಥ ಚರ್ಚೆ ನೋಡುವಾಗ ಮಾತನಾಡುವವರು ಯಾವ ಪಕ್ಷದವರು ಎಂದಷ್ಟೇ ನೋಡಬೇಡಿ. ಯಾರ ಕಸುಬಿನ ಪರ ಮಾತನಾಡುತ್ತಿದ್ದಾರೆ ಎಂದೂ ಗಮನಿಸಿ.